ಡೆಲಿವರಿ ಹುಡುಗನಿಗೆ ಗದರಿಕೆ, ಟೆಕ್ಕಿಗೆ ಇಂಗ್ಲಿಷು, ಜಪಾನಿಗೆ ಲೈಕು

(1/6)
ಮೊದಲನೇ ಫೋಟೋ ನೋಡಿ. ಫ್ರಿಜ್ ಮೇಲೆ ಅಂಟಿಸಿರೋದು ದೇವರ ಕ್ಯಾಲೆಂಡರ್ ಅಲ್ಲ, ಕಸದ ಕ್ಯಾಲೆಂಡರ್. ನಮ್ಮ ಅತ್ತೆ ಮಗಳು ಕಳಿಸಿದ್ದು. ಹಲಸೂರಲ್ಲಿ ಹುಟ್ಟಿ ಬೆಳೆದೋಳು, ಈಗ ಟೋಕಿಯೋದ ನಿಶಿಕಸಾಯಿಯಲ್ಲಿ ಪ್ರೋಗ್ರಾಮರ್. ಸುಡೋ ಕಸ ಯಾವ ದಿನ, ಸುಡದ ಕಸ ಯಾವ ದಿನ, ಬಾಟಲಿ, ಪೇಪರ್ ಯಾವ ದಿನ, ಎಲ್ಲಾ ಅದರಲ್ಲಿದೆ. ದಿನ ತಪ್ಪಿದ್ರೆ ಚೀಲಕ್ಕೆ ಒಂದು ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗ್ತಾರೆ. ಚೀಟಿ ಜಪಾನೀಸಲ್ಲಿರುತ್ತೆ.

ನೀವು ಶೇರ್ ಮಾಡೋ ‘ಟೋಕಿಯೋದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್‌ನ ಒಂದು ದಿನ’ ರೀಲ್‌ಗಳಲ್ಲಿ ಈ ಚೀಟಿ ಇರಲ್ಲ. ಚೆರ್ರಿ ಹೂವು, ರಾಮೆನ್, ಟೈಮಿಗೆ ಸರಿಯಾಗಿ ಬರೋ ಟ್ರೇನ್ ಇರುತ್ತೆ. ಅದಕ್ಕೇ ಇದನ್ನ ಬರೀತಿದೀನಿ. ಆರು ಭಾಗ ಇದೆ. ಬೈಯೋದಾದ್ರೆ ಪೂರ್ತಿ ಓದಿ ಬೈಯಿರಿ.

(2/6)
ನಿಶಿಕಸಾಯಿಗೆ ನಮ್ಮ ದೇಶದ ಇಂಜಿನಿಯರ್‌ಗಳು ಗುಂಪಾಗಿ ಬರೋಕೆ ಶುರುವಾಗಿದ್ದು 2000ದ ಆಸುಪಾಸು, ವೈ-ಟು-ಕೆ ಕೆಲಸಕ್ಕೆ. ಈಗ ಅಲ್ಲಿ ಬೇಳೆ, ಸಾಂಬಾರ್ ಪುಡಿ ಎಲ್ಲಾ ಸಿಗುತ್ತೆ. ಆದ್ರೆ ಬದುಕು ಸುಲಭ ಅಂದ್ಕೋಬೇಡಿ.

ಮನೆ ಸಿಕ್ಕ 14 ದಿನದೊಳಗೆ ವಾರ್ಡ್ ಆಫೀಸಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ನಿವಾಸಿ ಕಾರ್ಡ್ ಸದಾ ಜೇಬಲ್ಲಿರಬೇಕು. ಬಾಡಿಗೆಗೆ ಡೆಪಾಸಿಟ್ ಬೇರೆ, ಎಷ್ಟೋ ಮನೆಗಳಿಗೆ ‘ರೇಕಿನ್’ ಬೇರೆ. ರೇಕಿನ್ ಅಂದ್ರೆ ಓನರ್‌ಗೆ ‘ಮನೆ ಕೊಟ್ರಲ್ಲ, ಥ್ಯಾಂಕ್ಸ್’ ಅಂತ ಕೊಡೋ ದುಡ್ಡು, ವಾಪಸ್ ಬರಲ್ಲ. ನಮ್ಮ ಅಡ್ವಾನ್ಸ್ ಪೇಂಟಿಂಗ್ ಖರ್ಚು ಹಿಡ್ಕೊಂಡಾದ್ರೂ ವಾಪಸ್ ಬರುತ್ತೆ! ಇನ್ನು ನಿವಾಸಿ ತೆರಿಗೆ. ಹಿಂದಿನ ವರ್ಷದ ಆದಾಯದ ಮೇಲೆ ಸುಮಾರು ಶೇ. 10. ಹೊಸಬರಿಗೆ ಮೊದಲ ವರ್ಷ ಇರಲ್ಲ. ಎರಡನೇ ವರ್ಷ ಜೂನ್‌ನಲ್ಲಿ ಸಂಬಳ ಯಾಕೆ ಕಮ್ಮಿ ಬಂತು ಅಂತ ಗಾಬರಿ. ಬಿಕಾಂ ಓದೋರಿಗೆ ಇದು ಅರ್ಥ ಆಗುತ್ತೆ.

ಜಪಾನ್ ಸ್ವರ್ಗವೂ ಅಲ್ಲ. ಅಲ್ಲಿನ ನ್ಯಾಯ ಸಚಿವಾಲಯವೇ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರ ಪೈಕಿ ಶೇ. 39ರಷ್ಟು ಜನ ‘ವಿದೇಶಿ ಅಂತ ಮನೆ ಕೊಡಲಿಲ್ಲ’ ಅಂದಿದ್ರು. ‘ಬ್ಯಾಚುಲರ್ಸ್‌ಗೆ ಇಲ್ಲ’, ‘ನಾನ್‌ವೆಜ್ ಇಲ್ಲ’ ಅನ್ನೋ ಬೋರ್ಡುಗಳ ಊರಿನವರಿಗೆ ಇದನ್ನ ವಿವರಿಸಬೇಕಾ?

(3/6)
ಈಗ ಭಾಷೆ. ‘ಐಟಿಗೆ ಇಂಗ್ಲಿಷ್ ಸಾಕು’ ಅಂತೀರಲ್ಲ, ಅರ್ಧ ನಿಜ. ರಕುಟೆನ್ ಕಂಪನಿ 2010ರಲ್ಲಿ ಘೋಷಿಸಿ, 2012ರಿಂದ ಆಫೀಸ್ ಭಾಷೆಯನ್ನೇ ಇಂಗ್ಲಿಷ್ ಮಾಡ್ತು. ಆದ್ರೆ ಆಫೀಸ್ ಬಾಗಿಲು ದಾಟಿದ್ರೆ ಕಸದ ಚೀಟಿ, ಡಾಕ್ಟರ್ ಚೀಟಿ, ಬ್ಯಾಂಕ್ ಫಾರ್ಮ್ ಎಲ್ಲಾ ಜಪಾನೀಸೇ. ನಿಮ್ಮ ಹೆಸರೂ ಅವರ ಬಾಯಿಗೆ ಹೊಂದ್ಕೋಬೇಕು. ಅವರಿಗೆ ‘ಲ’ ಇಲ್ಲ, ಲತಾ ಅಲ್ಲಿ ‘ರತಾ’.

ಸರ್ಕಾರವೂ ಕಲಿತೋರಿಗೆ ಮಾರ್ಕ್ಸ್ ಕೊಡುತ್ತೆ. ಉನ್ನತ ಕೌಶಲದ ವೀಸಾಗೆ 70 ಪಾಯಿಂಟ್ ಬೇಕು. ಜಪಾನೀಸ್ ಪರೀಕ್ಷೆಯಲ್ಲಿ ಎನ್1 ಪಾಸಾಗಿದ್ರೆ 15, ಎನ್2 ಆದ್ರೆ 10. ಅದಕ್ಕೇ ನಮ್ಮ ಕ್ಲಾಸಿನ ನಾಲ್ಕು ಜನ ಆಗ್ಲೇ ಜಪಾನೀಸ್ ಕೋಚಿಂಗ್ ಸೇರಿದಾರೆ. ಒಳ್ಳೇದೇ. ನಮಗದು ಅಷ್ಟು ಕಷ್ಟವೂ ಅಲ್ಲ. ‘ವತಾಶಿ ವ ಮಿಜು ಒ ನೊಮಿಮಸ್.’ ನಾನು ನೀರನ್ನು ಕುಡಿಯುತ್ತೇನೆ. ಪದಗಳ ಸಾಲು ಅದೇ, ಕ್ರಿಯಾಪದ ಕೊನೆಗೆ, ಅವರ ‘ಒ’ ನಮ್ಮ ‘ಅನ್ನು’.

ಜಪಾನೀಸ್ ಕಲಿಸೋದು ‘ಹೇರಿಕೆ’ ಅಂತ ಇಲ್ಲಿವರೆಗೆ ಒಬ್ಬರೂ ಕಾಮೆಂಟ್ ಹಾಕಿದ್ದು ನಾನು ನೋಡಿಲ್ಲ.

(4/6)
ಇಷ್ಟು ಓದಿ ‘ಹೌದು ಗುರು, ಇಲ್ಲೂ ಹಂಗೇ ಮಾಡ್ಬೇಕು’ ಅಂತ ಎದ್ದು ನಿಂತಿದ್ರೆ, ಕೂತ್ಕೊಳ್ಳಿ. ಬೈಗುಳ ಈಗ ಶುರು. ನನಗೂ ಸೇರಿಸಿ.

ಹೋದ ವಾರ ನಮ್ಮ ಗ್ರೂಪಲ್ಲಿ ಒಂದು ವಿಡಿಯೋ ಬಂತು. ಕೆ.ಆರ್. ಪುರದ ಅಪಾರ್ಟ್‌ಮೆಂಟ್ ಗೇಟು. ಡೆಲಿವರಿ ಹುಡುಗ ಮಳೇಲಿ ನೆಂದು ನಿಂತಿದಾನೆ. ‘ಕನ್ನಡದಲ್ಲಿ ಹೇಳು, ಆಮೇಲೆ ಪಾರ್ಸೆಲ್ ತಗೋತೀನಿ.’ ಅವನು ಏನು ಹೇಳ್ಬೇಕು ಅಂತ ಗೊತ್ತಾಗದೆ ನಗ್ತಿದಾನೆ. ಭಯದ ನಗು. ನಾವೆಲ್ಲ ನಗೋ ಇಮೋಜಿ ಹಾಕಿದ್ವಿ. ನಾನೂ ಹಾಕಿದೆ.

ಅವತ್ತೇ ಸಂಜೆ ಇಂದಿರಾನಗರ 12ನೇ ಮೇನ್. ಗಾಡಿ ತೆಗೀರಿ ಅಂತ ಒಬ್ಬ ಟೆಕ್ಕಿ ಇಂಗ್ಲಿಷಲ್ಲಿ ಕೇಳಿದ. ಅದೇ ಕನ್ನಡ ಸಿಂಹಗಳು: ‘ಸಾರಿ ಸರ್, ಒನ್ ಮಿನಿಟ್ ಸರ್.’

ಇದಾ ಭಾಷಾಭಿಮಾನ? ದುಡ್ಡಿಲ್ಲದೋನ ಹತ್ರ ಮಾತ್ರ ಬಾಯಿ ಬರೋದಕ್ಕೆ ಅಭಿಮಾನ ಅನ್ನಲ್ಲ, ದರ್ಪ ಅಂತಾರೆ.

(5/6)
‘ಜಪಾನ್ ಬೇರೆ ದೇಶ, ವೀಸಾ ಬೇಕು. ಇಲ್ಲಿ ಎಲ್ಲರೂ ಭಾರತೀಯರು, ಸಂವಿಧಾನದ 19ನೇ ವಿಧಿ ಇದೆ, ಎಲ್ಲಿ ಬೇಕಾದ್ರೂ ಇರಬಹುದು’ ಅಂತೀರಾ? ಒಪ್ಪಿದೆ. ಅದಕ್ಕೇ ಗೇಟಲ್ಲಿ ಪರೀಕ್ಷೆ ಮಾಡೋ ಹಕ್ಕು ನಮಗಿಲ್ಲ. ಆದ್ರೆ ಕೌಂಟರ್ ಹತ್ರ ಕೇಳೋ ಹಕ್ಕು ಇದೆ.

ನಮ್ಮ ಮನೆ ಮಾತು ತಮಿಳು. ಹಲಸೂರು, ಶಿವಾಜಿನಗರದಲ್ಲಿ ಇದೇನು ಹೊಸದಲ್ಲ. ದಂಡು ಮತ್ತು ಪೇಟೆ ಒಂದೇ ಪಾಲಿಕೆ ಆಗಿದ್ದೇ 1949ರಲ್ಲಿ. ಒಂದೇ ಬೀದೀಲಿ ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲಾ ಇತ್ತು, ಈಗಲೂ ಇದೆ. ನಮ್ಮ ಅಜ್ಜಿಗೆ ಕನ್ನಡ ಬಂದಿದ್ದು ಹಲಸೂರು ಮಾರ್ಕೆಟ್ಟಲ್ಲಿ. ಸೊಪ್ಪಿನೋರು ತಪ್ಪು ತಿದ್ದಿದ್ರು, ಆದ್ರೆ ಸೊಪ್ಪು ಕೊಟ್ಟೇ ತಿದ್ದಿದ್ರು.

ಅದೇ ಅಜ್ಜಿ ಈ ವರ್ಷ ಬ್ಯಾಂಕಲ್ಲಿ ದುಡ್ಡು ತೆಗೆಯೋಕೆ ಹೋದ್ರೆ ಫಾರ್ಮಲ್ಲಿ ಕನ್ನಡ ಇರಲಿಲ್ಲ. ‘ಮೊಮ್ಮಕ್ಕಳನ್ನ ಕರ್ಕೊಂಡ್ ಬನ್ನಿ’ ಅಂದ್ರಂತೆ. ಕಷ್ಟಪಟ್ಟು ಕಲಿತ ಭಾಷೆ ಅವರದ್ದೇ ಬೀದಿಯ ಕೌಂಟರಲ್ಲಿ ಕೆಲಸಕ್ಕೆ ಬರಲಿಲ್ಲ. ಗ್ರಾಹಕರು ಬಳಸೋ ಫಾರ್ಮ್‌ಗಳು ಇಂಗ್ಲಿಷ್, ಹಿಂದಿ, ಆ ರಾಜ್ಯದ ಭಾಷೆ, ಮೂರರಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಆ ಕೌಂಟರ್ ಮುಂದೆ ನಿಂತು ವಿಡಿಯೋ ಮಾಡಿದೋರು ನಮ್ಮಲ್ಲಿ ಯಾರಿದ್ದೀರಿ?

(6/6)
1995ರ ಕೋಬೆ ಭೂಕಂಪದಲ್ಲಿ ಎಷ್ಟೋ ವಿದೇಶಿಯರಿಗೆ ಸೂಚನೆಗಳು ಅರ್ಥ ಆಗಲಿಲ್ಲ. ಆಮೇಲೆ ಅಲ್ಲಿಯವರು ‘ಯಾಸಾಶೀ ನಿಹೊಂಗೊ’ ಶುರು ಮಾಡಿದ್ರು. ಸುಲಭ ಜಪಾನೀಸ್: ಚಿಕ್ಕ ವಾಕ್ಯ, ದಿನಬಳಕೆ ಪದ. ಎನ್‌ಎಚ್‌ಕೆ ಆ ಭಾಷೆಯಲ್ಲೇ ಸುದ್ದಿ ಕೊಡುತ್ತೆ. ನಮ್ಮ ಅತ್ತೆ ಮಗಳಿಗೆ ಶನಿವಾರ ಶನಿವಾರ ಪಾಠ ಹೇಳೋದು ರಿಟೈರ್ ಆದ ಒಬ್ಬ ಅಜ್ಜಿ. ಕಸದ ಚೀಟಿ ಓದೋಕೆ ಕಲಿಸಿದ್ದೂ ಅವರೇ. ಅಂದ್ರೆ ಆ ಊರು ಕಲಿ ಅನ್ನುತ್ತೆ, ಕೂರಿಸ್ಕೊಂಡು ಕಲಿಸುತ್ತೆ. ನಾವು ಮೊದಲನೇದು ಮಾತ್ರ ಮಾಡ್ತೀವಿ, ಅದೂ ಬಡವರ ಹತ್ರ.

ಆರನೇ ಫೋಟೋ ನಾನು ಮಾಡಿರೋ ಕಾರ್ಡು. ಡೆಲಿವರಿ ಹುಡುಗರಿಗೆ ಹನ್ನೆರಡು ವಾಕ್ಯ, ಹಿಂದಿ ಅಕ್ಷರದಲ್ಲಿ ಕನ್ನಡ. ‘ಎಷ್ಟನೇ ಫ್ಲೋರ್?’ ‘ಗೇಟ್ ಹತ್ರ ಇದೀನಿ.’ ‘ಲಿಫ್ಟ್ ಕೆಟ್ಟಿದೆ.’ ಸೇವ್ ಮಾಡ್ಕೊಳ್ಳಿ, ಪ್ರಿಂಟ್ ಹಾಕ್ಸಿ, ಪಾರ್ಸೆಲ್ ತಗೊಂಡ ಮೇಲೆ ನೀರಿನ ಜೊತೆ ಕೊಡಿ. ಟೆಕ್ಕಿ ಸಿಕ್ಕಿದ್ರೆ ಮೊದಲ ಮಾತು ಕನ್ನಡದಲ್ಲಿ ಆಡಿ, ‘ಸರ್’ ಆಮೇಲೆ. ಬ್ಯಾಂಕಿಗೆ ಹೋದ್ರೆ ಕನ್ನಡ ಫಾರ್ಮ್ ಕೇಳಿ, ಇಲ್ಲ ಅಂದ್ರೆ ಲಿಖಿತ ದೂರು ಕೊಡಿ.

ಆ ವಿಡಿಯೋಗೆ ಹಾಕಿದ್ದ ನಗು ನಾನು ವಾಪಸ್ ತಗೊಂಡಿದೀನಿ. ನಿಮ್ಮದು ಇನ್ನೂ ಗ್ರೂಪಲ್ಲಿ ಕಾಣ್ತಿದೆ.

#ಹಲಸೂರು #ದಂಡು #ನಿಶಿಕಸಾಯಿ #ಕಲಿಸಿ_ಕೇಳಿ