ಎಚ್ಚರಿಕೆ ಡೇರೆಯ ತನಕ ತಲುಪಲಿ

2025ರ ಫೆಬ್ರುವರಿ 27ರ ಸಂಜೆ ಡಿಆರ್‌ಡಿಒ ಅಧೀನದ ಡಿಜಿಆರ್‌ಇ ಸಂಸ್ಥೆ ಒಂದು ಮುನ್ಸೂಚನೆ ಹೊರಡಿಸಿತು. ಉತ್ತರಾಖಂಡದ ಚಮೋಲಿ ಸೇರಿ ಕೆಲವು ಜಿಲ್ಲೆಗಳಲ್ಲಿ 2,400 ಮೀಟರ್‌ಗಿಂತ ಎತ್ತರದಲ್ಲಿ ಹಿಮಕುಸಿತದ ಅಪಾಯವಿದೆ ಎಂದಿತ್ತು ಅದು. ಮರುದಿನ ಬೆಳಿಗ್ಗೆ ಚಮೋಲಿಯ ಮಾಣಾ ಬಳಿ ಗಡಿ ರಸ್ತೆ ಸಂಸ್ಥೆಯ ಶಿಬಿರದ ಮೇಲೆ ಹಿಮ ಕುಸಿಯಿತು. 54 ಕಾರ್ಮಿಕರು ಸಿಲುಕಿದರು, ಎಂಟು ಮಂದಿ ಸತ್ತರು. ಮುನ್ಸೂಚನೆ ಸರಿಯಾಗಿಯೇ ಇತ್ತು. ಶಿಬಿರ ಮಾತ್ರ ಇದ್ದಲ್ಲೇ ಇತ್ತು.

ಇದು ನಮಗೆ ದೂರದ ಸಂಗತಿಯಲ್ಲ. ಚಳಿಗಾಲ ಬಂತೆಂದರೆ ಅದೇ ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್ ಚಾರಣಕ್ಕೆ ಬೆಂಗಳೂರಿನಿಂದ ತಂಡಗಳು ಹೊರಡುತ್ತವೆ. ಐದು ಕಿಲೋಮೀಟರ್ ಎಷ್ಟು ನಿಮಿಷದಲ್ಲಿ ಓಡುತ್ತೀರಿ ಎಂದು ಸಂಘಟಕರು ಕೇಳುತ್ತಾರೆ. ಇಳಿಜಾರಿನ ಬಗ್ಗೆ, ಹಿಮದ ಬಗ್ಗೆ ನಾವೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ನಮ್ಮ ಪತ್ರಿಕೆಗಳಲ್ಲೂ ಹಿಮ ಬೀಳುವುದಕ್ಕೆ, ಕುಸಿಯುವುದಕ್ಕೆ ಎರಡಕ್ಕೂ ‘ಹಿಮಪಾತ’ ಎಂದೇ ಬರೆಯುವುದುಂಟು. ಒಂದು ನೋಡಿ ಸಂತೋಷಪಡುವಂಥದ್ದು, ಇನ್ನೊಂದು ಜೀವ ತೆಗೆಯುವಂಥದ್ದು. ಹೆಸರನ್ನಾದರೂ ಬೇರೆ ಮಾಡಿಕೊಳ್ಳಬೇಕು.

ಬೆಟ್ಟದ ಮೇಲಿನ ಹಿಮ ಒಂದೇ ಮುದ್ದೆಯಲ್ಲ, ಚಿರೋಟಿಯಂತೆ ಪದರ ಪದರ. ಚಳಿ ಹೆಚ್ಚಿ ಒಳಗಿನ ಒಂದು ಪದರ ದಪ್ಪ ಸಕ್ಕರೆಯಂತೆ ಹರಳುಗಟ್ಟಿದರೆ ಹರಳಿಗೆ ಹರಳು ಅಂಟುವುದಿಲ್ಲ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಒತ್ತಿ ಗಟ್ಟಿ ಮಾಡಿದರೆ ರಾಗಿ ಕಾಳಿನ ಮೇಲೆ ಹಲಗೆ ಇಟ್ಟಂತೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಒಬ್ಬರ ಭಾರಕ್ಕೇ ಆ ಹಲಗೆ ಜಾರೀತು. ಬೆಟ್ಟ ಹತ್ತಲು, ಹಿಮದಲ್ಲಿ ಜಾರಲು ಹೋದವರ ಜೀವ ತೆಗೆದ ಬಹುಪಾಲು ಕುಸಿತಗಳನ್ನು ಕೆರಳಿಸಿದ್ದು ಸಿಲುಕಿದವರ ಅಥವಾ ಅವರ ಜೊತೆಗಾರರ ಹೆಜ್ಜೆಯೇ.

ಬಲ್ಲವರು ಮುಂದೆ ಹೋಗುವ ಮೊದಲು ಸಲಿಕೆ ಕೈಗೆತ್ತಿಕೊಳ್ಳುತ್ತಾರೆ. ಹಿಮದಲ್ಲಿ ಗುಂಡಿ ತೋಡಿ, ಒಂದಡಿ ಅಗಲದ ಕಂಬವೊಂದನ್ನು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯ ಅಲಗನ್ನು ಇಡುತ್ತಾರೆ. ಮಣಿಕಟ್ಟಿನಿಂದ ಹತ್ತು ಪೆಟ್ಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಮೊದಲ ಕೆಲವು ಪೆಟ್ಟಿಗೇ ಕಂಬದ ಮೇಲ್ಭಾಗ ಸರಕ್ಕನೆ ಜಾರಿದರೆ ಆ ದಾರಿ ಬೇಡ. ನಡೆಯುವಾಗ ಕಾಲಡಿ ‘ಧುಂ’ ಎಂದು ಹಿಮ ಕುಸಿದ ಸದ್ದಾದರೆ ಪರೀಕ್ಷೆಯೂ ಬೇಕಿಲ್ಲ, ಹಿಂದಿರುಗಬೇಕು.

ಹೂತುಹೋದವರಿಗೆ ಇರುವುದು ನಿಮಿಷಗಳ ಲೆಕ್ಕ. ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬದುಕುವವರು ಕಡಿಮೆ. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ನಾಡೇ ಅವರಿಗಾಗಿ ಹರಕೆ ಹೊತ್ತಿತ್ತು. ಅಂಥ ಉಳಿವು ಅಪರೂಪದಲ್ಲಿ ಅಪರೂಪ, ಅದನ್ನು ನಂಬಿ ಬೆಟ್ಟ ಹತ್ತಲಾಗದು. ಹೆಲಿಕಾಪ್ಟರ್ ಬರುವ ಹೊತ್ತಿಗೆ ಆ ಹತ್ತು ನಿಮಿಷ ಮುಗಿದಿರುತ್ತದೆ; ಉಳಿಸುವವರು ಪಕ್ಕದಲ್ಲಿರುವ ಜೊತೆಗಾರರೇ. ಅದಕ್ಕೇ ಪ್ರತಿಯೊಬ್ಬರ ಬಳಿ ಸಂಕೇತ ಕಳಿಸುವ ಟ್ರಾನ್ಸೀವರ್, ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ ಇರಬೇಕು.

ತರಬೇತಿಯಿದ್ದವರೂ ಸುರಕ್ಷಿತರಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ-2 ಶಿಖರದ ಬಳಿ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ಹಿಮಕುಸಿತಕ್ಕೆ ಸಿಲುಕಿತು. 27 ಶವಗಳು ಸಿಕ್ಕವು, ಇಬ್ಬರ ಸುಳಿವೇ ಸಿಗಲಿಲ್ಲ. ಸತ್ತವರಲ್ಲಿ ಕರ್ನಾಟಕದವರೂ ಇದ್ದರು.

ಜಿಲ್ಲೆಗೊಂದು ಮುನ್ಸೂಚನೆ ಸಾಲದು. ಚಾರಣ ಮಾರ್ಗಕ್ಕೊಂದರಂತೆ ಅದು ಪ್ರತಿ ಸಂಜೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಮತ್ತು ತಂಗುದಾಣ ಮುಟ್ಟಬೇಕು. ಅಪಾಯ ಹೆಚ್ಚಿದ ದಿನ ಪರವಾನಗಿ ತಾನಾಗಿ ರದ್ದಾಗಬೇಕು. ಉತ್ತರಾಖಂಡ ಸರ್ಕಾರ ಇದನ್ನು ಮಾಡಲೇಬೇಕು. ಅಲ್ಲಿಯವರೆಗೆ, ಮುಂಗಡ ಕಟ್ಟುವ ಮೊದಲು ಸಂಘಟಕರನ್ನು ಕೇಳಿ: ಹಿಮಕುಸಿತದ ಮುನ್ಸೂಚನೆಯನ್ನು ದಿನವೂ ನೋಡುವವರು ಯಾರು? ಸಲಿಕೆ, ಟ್ರಾನ್ಸೀವರ್ ಎಷ್ಟಿವೆ? ಹಿಂದಿರುಗಿದರೆ ಹಣದ ಕಥೆಯೇನು? ನೇರ ಉತ್ತರ ಸಿಗದಿದ್ದರೆ ಹಣ ಕಟ್ಟಬೇಡಿ.