ಗೆಣಸಿನ ಪಲ್ಯಕ್ಕ ಬೆಲ್ಲ ಯಾಕ ಬೇಕ್ರೀ?

ಸಂಕ್ರಾಂತಿ ಹತ್ರ ಬಂತಂದ್ರ ನಮ್ಮ ಓಣ್ಯಾಗ ಒಂದ ಮಾತು. "ಗೆಣಸು ತಂದ್ರ್ಯಾ? ಏನ್ ಮಾಡಾವ್ರು ಈ ಸಲ?" ಕೆಲವ್ರು ಹೋಳಿಗಿ ಮಾಡ್ತಾರ, ಕೆಲವ್ರು ಬರೇ ಕುದಿಸಿ ತಾಟಿಗೆ ಇಡ್ತಾರ. ನಮ್ಮ ಮನ್ಯಾಗ ಮಾತ್ರ ಮೊದಲಿಂದ್ಲೂ ಬೆಲ್ಲ ಹಾಕಿದ ಪಲ್ಯ. ಕೆಜಿ ಗೆಣಸಿಗೆ ಪಾವು ಕೆಜಿ ಬೆಲ್ಲ, ಮ್ಯಾಲ ಯಾಲಕ್ಕಿ, ಒಣ ಕೊಬ್ಬರಿ. ರೊಟ್ಟಿ ಸಂಗಟ ಹಚ್ಚಿಕೊಂಡು ತಿಂದ್ರ ಹಬ್ಬ ಆತು ಅಂತ ಲೆಕ್ಕ. ನಾನೂ ಇಪ್ಪತ್ತೆರಡು ವರ್ಷ ಹಂಗ ಮಾಡಿದೆ.

ಈ ವರ್ಷ ಮಾಡಂಗಿಲ್ಲ. ನೀವೂ ಮಾಡಬ್ಯಾಡ್ರಿ ಅಂತ ಹೇಳಾಕ ಇಷ್ಟು ಬರ್ಯಾಕತ್ತೇನಿ. ಸಿಟ್ಟು ಮಾಡ್ಕೊಳ್ಳಬ್ಯಾಡ್ರಿ, ಪೂರ್ತಿ ಓದಿ ಆಮ್ಯಾಲ ಬೈರಿ.

ಹೋದ ವರ್ಷದ ಸಂಕ್ರಾಂತಿ. ಮನ್ಯಾಗ ಹನ್ನೊಂದು ಮಂದಿ. ಶೇಂಗಾ ಹೋಳಿಗಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ತುಂಬಗಾಯಿ ಬದನಿಕಾಯಿ ಪಲ್ಯ, ಗೆಣಸಿನ ಪಲ್ಯ, ಮೊಸರು ಬುತ್ತಿ. ನಮ್ಮ ಅತ್ತೆವ್ವಗ ಸಕ್ಕರಿ ಬ್ಯಾನಿ ಬಂದು ಆರು ವರ್ಷ ಆಗೇತಿ, ನಿಮಗೆಲ್ಲಾ ಗೊತ್ತೈತಿ. ಹಂಗಂತ ನಾ ಅವರಿಗೆ ಬ್ಯಾರೆ ಒಂದು ಸಣ್ಣ ತಾಟು ಹಚ್ಚಿದೆ. ಎರಡು ಜೋಳದ ರೊಟ್ಟಿ, ಮೆಂತೆ ಪಲ್ಯ, ಒಂದು ವಾಟಿ ಮಜ್ಜಿಗಿ. ಎಲ್ಲಾರ ಮುಂದ ದೊಡ್ಡ ದನಿ ತಗದು "ಅತ್ತೆವ್ವಾ, ನಿಮಗ ಬ್ಯಾರೆ ಮಾಡೇನ್ರಿ" ಅಂದೆ. ನನ್ನ ಮನಸ್ಸಿನಾಗ ನಾ ಎಷ್ಟು ಕಾಳಜಿ ಮಾಡ್ತೇನಿ ಅನ್ನೂ ಹೆಮ್ಮಿ. ಅವ್ರು "ಇರ್ಲಿ ಬಿಡವಾ" ಅಂದು ತಲಿ ಬಗ್ಗಿಸಿ ಉಂಡ್ರು.

ರಾತ್ರಿ ಹತ್ತೂವರಿ ಆಗಿತ್ತು. ಹಾಲಿಗೆ ಹೆಪ್ಪು ಹಾಕೂದು ಮರತಿದ್ದೆ, ಎದ್ದು ಅಡಗಿಮನಿಗೆ ಹೋದೆ. ದೀಪ ಹಚ್ಚಿರಲಿಲ್ಲ. ಕಿಡಕಿ ಬೆಳಕಿನಾಗ ಅತ್ತೆವ್ವ ನಿಂತಿದ್ರು. ಕೈಯಾಗ ತಣ್ಣಗಾದ ಗೆಣಸಿನ ಪಲ್ಯದ ಬಟ್ಟಲ. ನನ್ನ ನೋಡಿದ ಕೂಡ್ಲೆ ಬಟ್ಟಲ ಸೆರಗಿನ ಹಿಂದ ಮಾಡಿದ್ರು. ಎಪ್ಪತ್ತೊಂದು ವರ್ಷದ ಹೆಣಮಗಳು, ನನಗ ಆ ಪಲ್ಯ ಕಲಿಸಿಕೊಟ್ಟಾಕಿ, ಕೂಸಿನ ಹಂಗ ಮುಚ್ಚಿಟ್ಟಳು. ನಾ ಏನೂ ಕಾಣದವಳಂಗ "ನೀರು ಕುಡ್ಯಾಕ ಬಂದ್ರ್ಯಾ?" ಅಂದೆ. "ಹೂನವಾ" ಅಂದ್ರು.

ಮರುದಿನ ಮುಂಜಾನಿ ಮನಿಯಾಗಿನ ಮಿಷನ್ನಿನ್ಯಾಗ ನೋಡಿದ್ರ ಸಕ್ಕರಿ ಭಾಳ ಏರಿತ್ತು. ನಮ್ಮನಿಯವರು ತಾಯಿನ್ನ ಬೈದ್ರು. "ಇಷ್ಟು ವಯಸ್ಸಾತು, ನಾಲಗಿ ಹಿಡದಿಡಾಕ ಬರಂಗಿಲ್ಲ" ಅಂದ್ರು. ನಾ ಅಲ್ಲೇ ಭಾಂಡಿ ತಿಕ್ಕಾಕತ್ತಿದ್ದೆ. ಒಂದು ಮಾತು ಆಡಲಿಲ್ಲ. ಇವತ್ತಿಗೂ ಅದು ನನ್ನ ಎದ್ಯಾಗ ಕುಟಗತೈತಿ.

ಯಾಕಂದ್ರ ತಪ್ಪು ಅವರ ನಾಲಗಿದ ಅಲ್ಲ. ಬೆಲ್ಲ ಹಾಕಿದಾಕಿ ನಾನು. ಬ್ಯಾರೆ ತಾಟು ಹಚ್ಚಿದಾಕೀನೂ ನಾನ.

ಈಗ ಲೆಕ್ಕ ನೋಡ್ರಿ. ನಾವು ಎಲ್ಲಾರೂ "ಸಕ್ಕರಿ ಬ್ಯಾನಿ ಇದ್ದವ್ರು ಗೆಣಸು ಮುಟ್ಟಬಾರದು, ಹೆಸರ ಸಿಹಿಗೆಣಸು" ಅಂತೀವಿ. 100 ಗ್ರಾಂ ಗೆಣಸಿನಾಗ ಪಿಷ್ಟ, ಸಕ್ಕರಿ ಎಲ್ಲಾ ಕೂಡಿ ಸುಮಾರು 20 ಗ್ರಾಂ ಇರತೈತಿ, ಅದರ ಸಂಗಟ ಸುಮಾರು 3 ಗ್ರಾಂ ನಾರು. ಅಂದ್ರ ಒಂದು ಕೆಜಿ ಗೆಣಸಿಗೆ 200 ಗ್ರಾಂ. ನಾ ಹಾಕ್ತಿದ್ದ ಪಾವು ಕೆಜಿ ಬೆಲ್ಲ ಅಂದ್ರ 250 ಗ್ರಾಂ, ಅದು ಹೆಚ್ಚು ಕಡಿಮಿ ಎಲ್ಲಾ ಸಕ್ಕರೀನ. ಗೆಣಸಿನಾಗ ಇದ್ದದ್ದಕ್ಕಿಂತ ನಾ ಮ್ಯಾಲ ಸುರಿದದ್ದ ಹೆಚ್ಚಾತು! ಬೈಗಳ ತಿಂದದ್ದು ಗೆಣಸು, ಕೆಲಸ ಮಾಡಿದ್ದು ಬೆಲ್ಲ. "ಬೆಲ್ಲ ಸಕ್ಕರಿಯಂಗ ಅಲ್ಲ, ಮೈಗೆ ಛಲೋ" ಅನ್ನಾವ್ರಿಗೆ ಒಂದು ಮಾತು: ಈ ಬ್ಯಾನಿ ಇದ್ದವರಿಗೆ ಎರಡೂ ಒಂದ.

ಇನ್ನೊಂದು. ಗೆಣಸು ಬೇಯಿಸೂ ರೀತಿ ಮ್ಯಾಲೂ ಫರಕ ಐತಿ. ಸಣ್ಣಾಕಿದ್ದಾಗ ನಾವು ಒಲಿ ಬೂದ್ಯಾಗ ಗೆಣಸು ಹುಗದು ಸುಟ್ಟು ತಿಂತಿದ್ವಿ, ಜೇನಿನಂಗ ಸಿಹಿ ಇರ್ತಿತ್ತು. ಅದೇನು ಮಾಯಾ ಅಲ್ಲ. ಸಾವಕಾಶ ಕಾದಾಗ ಗೆಣಸಿನಾಗಿನ ಪಿಷ್ಟಾನ ಒಳಗ ಸಕ್ಕರಿ ಆಗತೈತಿ. ನೀರಾಗ ಕುದಿಸಿದ ಗೆಣಸು ಸುಟ್ಟದ್ದರಷ್ಟು ಜಲ್ದಿ ರಕ್ತದಾಗ ಸಕ್ಕರಿ ಏರಿಸಂಗಿಲ್ಲ. ಕುದಿಸಿ ಆರಿಸಿದ್ರ ಇನ್ನೂ ಚೂರು ಛಲೋ. ಹಂಗಾಗಿ ನಮ್ಮಂಥ ಮನಿಗೆ ಕುದಿಸಿದ್ದ ಸರಿ.

ನಾ ಇದನ್ನ ನಮ್ಮ ನೆಗೆಣ್ಣಿಗೆ ಹೇಳಿದ್ರ ಆಕಿ, "ಅಕ್ಕಾ, ಹಿರ್ಯಾರು ಮಾಡ್ಕೊಂಡು ಬಂದದ್ದು ಬಿಡಬಾರದು" ಅಂದ್ಲು. ಆಕಿ ಮಾತಿನಾಗ ಅರ್ಥ ಐತಿ, ತಳ್ಳಿ ಹಾಕಂಗಿಲ್ಲ. ಆದ್ರ ಗೆಣಸಾರ ಎಲ್ಲಿದು ಅಂತೀರಿ? ಅಮೆರಿಕಾ ಖಂಡದ ಬಳ್ಳಿ ಅದು. ಹಸಿಮೆಣಸಿನಕಾಯಿನೂ ಅಲ್ಲಿದ, ಶೇಂಗಾನೂ ಅಲ್ಲಿದ. ಐನೂರು ವರ್ಷದ ಹಿಂದ ನಮ್ಮ ಸಂಕ್ರಾಂತಿ ಅಡಗ್ಯಾಗ ಈ ಮೂರೂ ಇರ್ಲಿಲ್ಲ, ಶೇಂಗಾ ಹೋಳಿಗಿನೂ ಇರ್ಲಿಲ್ಲ. ಯಾವುದೋ ಕಾಲದಾಗ ಯಾವುದೋ ಅಜ್ಜಿ ಹೊಸಾ ಗಡ್ಡಿ ನೋಡಿ, ಕುದಿಸಿ, ರುಚಿ ನೋಡಿ, ಹಬ್ಬಕ್ಕ ತಂದಾಳ. ಹಿರ್ಯಾರು ಮಾಡಿದ್ದು ಅದನ್ನ. ಮನ್ಯಾಗಿನ ಮಂದಿಗೆ ಒಗ್ಗೂವಂಗ ಅಡಗಿ ಮಾಡಿದ್ರು.

ಇದರಾಗ ಇನ್ನೊಂದು ಸಂಗತಿ ಐತಿ, ಅದು ಗೊತ್ತಾದ ಮ್ಯಾಲ ನನಗ ನಾಚಿಕಿ ಆತು. ಹೋದ ಸಂಕ್ರಾಂತಿ ಆಗಿ ಒಂದು ವಾರಕ್ಕ ಅತ್ತೆವ್ವ, ನಾನು ಕೂಡಿ ಅವರಿಕಾಯಿ ಸುಲ್ಯಾಕ ಕುಂತಿದ್ವಿ. ಸುಮ್ಮನ ಕೇಳಿದೆ, "ನಿಮ್ಮ ತವರಮನ್ಯಾಗ ಗೆಣಸು ಹೆಂಗ ಮಾಡ್ತಿದ್ರಿ ಅತ್ತೆವ್ವಾ?" ಅವರ ತವರು ಖಾನಾಪುರ ಕಡೆ. ಬೆಳಗಾವಿ, ಖಾನಾಪುರ ಸುತ್ತಮುತ್ತ ಮಳಿ ನೀರಿನ ಮ್ಯಾಲ ಗೆಣಸು ಬೆಳೀತಾರ, ಅಲ್ಲಿಂದ ಲಾರಿ ಲಾರಿ ಉತ್ತರ ಹಿಂದೂಸ್ತಾನದ ಪ್ಯಾಟಿಗೆ ಹೋಗತೈತಿ. ಗೆಣಸಿನ ನಾಡಿನಾಕಿ ಅವರು!

ಅವ್ರು ಅಂದದ್ದು ಇದು: "ನಮ್ಮವ್ವ ಬೆಲ್ಲ ಹಾಕ್ತಿರ್ಲಿಲ್ಲವಾ. ಹಸಿಖಾರ, ಬಳ್ಳೊಳ್ಳಿ, ಶೇಂಗಾ ಪುಡಿ. ಬೆಲ್ಲದ್ದು ಈ ಮನಿ ಪದ್ಧತಿ. ನಾ ಬಂದ ವರ್ಷ ನಮ್ಮ ಕಡೆದಂಗ ಮಾಡಿದ್ದೆ, ನಿಮ್ಮ ಮಾವನವರ ತಾಯಿ ತಾಟು ಸರಸಿದ್ರು. ಆಮ್ಯಾಲ ಮಾಡಲಿಲ್ಲ."

ಐವತ್ತು ವರ್ಷ! ನಾ ಯಾವುದನ್ನ ಅತ್ತೆವ್ವನ ಕೈರುಚಿ ಅಂತ ತಿಳ್ಕೊಂಡಿದ್ನೋ ಅದು ಅವರದ ಅಲ್ಲ. ಅವರದು ಬ್ಯಾರೆನ ಇತ್ತು. ಒಂದು ಮನಿ ಪದ್ಧತಿ ಉಳಸಾಕ ಇನ್ನೊಂದು ಮನಿ ಪದ್ಧತಿ ಹ್ವಾತು. ನಮ್ಮೆಲ್ಲಾರ ಮನ್ಯಾಗೂ ಇಂಥ ಒಂದಾರ ಅಡಗಿ ಮುಚ್ಚಿ ಇಟ್ಟದ್ದು ಇದ್ದ ಇರತೈತಿ. ನಿಮ್ಮ ಅತ್ತಿಯವರನ್ನ ಕೇಳಿ ನೋಡ್ರಿ.

ಹೋದ ಶಿವರಾತ್ರಿ ಆಗಿ ನಾಕು ದಿನಕ್ಕ ಅವರ ಕೈಯಾಗ ಹೇಳಿಸಿಕೊಂಡು ಮಾಡಿದೆ. ಆವಾಗಿಂದ ಐದಾರು ಸಲ ಆಗೇತಿ. ಮಾಡೂ ಬಗಿ ಬರೀತೇನಿ.

ಒಂದು ಕೆಜಿ ಕೆಂಪು ಸಿಪ್ಪಿ ಗೆಣಸು. ಭಾಳ ದಪ್ಪಂದು ಬ್ಯಾಡ, ನಾರ ನಾರ ಇರತೈತಿ. ಕರೀ ಮಚ್ಚಿ ಬಿದ್ದದ್ದು ಒಗೀರಿ, ಕಹಿ ಬರತೈತಿ. ಹಸಿ ಗೆಣಸು ಫ್ರಿಜ್ಜಿನ್ಯಾಗ ಇಡಬ್ಯಾಡ್ರಿ, ಒಳಗ ಬಿರಸಾಗಿ ಕುದ್ಯಾಂಗಿಲ್ಲ. ಮಣ್ಣು ಹೋಗೂವಂಗ ತಿಕ್ಕಿ ತೊಳದು, ಸಿಪ್ಪಿ ಸಮೇತ ತೆರದ ಬೋಗುಣ್ಯಾಗ ನೀರು ಹಾಕಿ ಕುದಸ್ರಿ. ಹದಿನೈದಿಪ್ಪತ್ತು ನಿಮಿಷ ಸಾಕು. ಚಾಕು ಚುಚ್ಚಿದ್ರ ಒಳಗ ಹೋಗಬೇಕು, ಆದ್ರ ಚೂರು ತಡೀಬೇಕು. ಕುಕ್ಕರಿನ್ಯಾಗ ಇಟ್ಟು ಸೀಟಿ ಎಣಸೂದು ಮರತ್ರ ಪಲ್ಯ ಅಲ್ಲ, ಅಂಬ್ಲಿ ಆಗತೈತಿ. ಕುದ್ದ ಮ್ಯಾಲ ಪೂರ್ತಿ ಆರಿಸಿ ಸಿಪ್ಪಿ ಸುಲದು ಹೋಳು ಮಾಡ್ರಿ. ಬಿಸಿ ಇದ್ದಾಗ ಹೆಚ್ಚಿದ್ರ ಮುದ್ದಿ ಆಗತೈತಿ.

ಆರು ಹಸಿಮೆಣಸಿನಕಾಯಿ, ಎಂಟು ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಗಿ, ಉಪ್ಪು ಕೂಡಿಸಿ ಒಳ್ಳಿನಾಗ ದಪ್ಪಗ ಕುಟ್ರಿ. ದೇವರಿಗೆ ಎಡಿ ಹಿಡ್ಯಾಕ ಬಳ್ಳೊಳ್ಳಿ ನಡ್ಯಾಂಗಿಲ್ಲ ಅನ್ನಾವ್ರು ಹಸಿಶುಂಠಿ ಹಾಕ್ರಿ. ಬಾಣಲ್ಯಾಗ ಮೂರು ಚಮಚ ಎಣ್ಣಿ, ಸಾಸವಿ, ಕರಿಬೇವು, ಅರಿಶಿಣ, ಆಮ್ಯಾಲ ಕುಟ್ಟಿದ ಖಾರ. ಹಸಿವಾಸನಿ ಹೋದ ಮ್ಯಾಲ ಗೆಣಸು ಹಾಕಿ ಸೌಟಿನಿಂದ ಒತ್ತದಂಗ ಕೈಯಾಡಿಸ್ರಿ. ಉರಿ ಆರಿಸೂ ಮುಂದ ನಾಕು ಚಮಚ ಹುರದ ಶೇಂಗಾ ಪುಡಿ, ಎರಡು ಚಮಚ ಗುರೆಳ್ಳು ಪುಡಿ. ಕೆಳಗ ಇಳಿಸಿ ಅರ್ಧ ಲಿಂಬಿಹಣ್ಣು ಹಿಂಡಿ, ಕೊತಂಬ್ರಿ ಉದರಿಸ್ರಿ. ಲಿಂಬಿ ಬಿಡಬ್ಯಾಡ್ರಿ. ಗೆಣಸಿಗೆ ತನ್ನದ ಸಿಹಿ ಐತಿ, ಖಾರ ಹುಳಿ ಕೂಡಿದಾಗ ಆ ಸಿಹಿ ಗೊತ್ತಾಗತೈತಿ. ಬೆಲ್ಲ ಹಾಕಿದಾಗ ಬೆಲ್ಲ ಅಷ್ಟ ಗೊತ್ತಾಗ್ತಿತ್ತು.

ಹಬ್ಬದ ಊಟಕ್ಕೂ ಇದ ಹೊಂದತೈತಿ ಅನ್ನೂದು ನನ್ನ ಮಾತು. ತಾಟಿನಾಗ ಹೋಳಿಗಿ ಐತಿ, ಕುಸುರೆಳ್ಳು ಐತಿ, ಸಿಹಿಗೆ ಏನು ಕಡಿಮಿ? ಸಜ್ಜಿ ರೊಟ್ಟಿಗೆ ಮತ್ತ ಸಿಹಿ ಪಲ್ಯ ಹಚ್ಚಿಕೊಂಡ್ರ ಎರಡು ತುತ್ತಿಗೆ ಸಾಕನಸತೈತಿ.

"ಹುಡುಗರು ತಿನ್ನಂಗಿಲ್ಲ" ಅಂತೀರೇನು? ನಡುವ ಒಂದು ಬಟ್ಟಲದಾಗ ಬೆಲ್ಲ, ತುಪ್ಪ ಇಡ್ರಿ. ಬೇಕಾದವ್ರು ಕಲಿಸಿಕೊಳ್ಳಲಿ. ಮೊದಲು ನಾವು ಬೆಲ್ಲ ಎಲ್ಲಾರಿಗೂ ಹಾಕಿ ಒಬ್ಬರನ್ನ ಬ್ಯಾರೆ ಕುಂಡರಸ್ತಿದ್ವಿ. ಈಗ ಬೆಲ್ಲಾನ ಬ್ಯಾರೆ ಇಡೂಣು, ಮನಿಷ್ಯಾರನ್ನ ಒಂದ ಸಾಲಿನ್ಯಾಗ ಕುಂಡರಸೂಣು.

ಒಂದೆರಡು ಎಚ್ಚರಿಕಿ ಹೇಳಲೇಬೇಕು. ಬೆಲ್ಲ ಇಲ್ಲಂತ ಬೇಕಾದಷ್ಟು ತಿನ್ನೂದಲ್ಲ. ಅತ್ತೆವ್ವಗ ಒಂದು ಸಣ್ಣ ವಾಟಿ, ಅಂದ್ರ 100 ಗ್ರಾಂ, ಹಾಕಿದ ದಿನ ಒಂದು ರೊಟ್ಟಿ ಕಡಿಮಿ ಮಾಡ್ತೇನಿ. ಉಂಡು ಎರಡು ತಾಸಿಗೆ ಸಕ್ಕರಿ ನೋಡ್ತೀವಿ. ಅವರಿಗೆ ಒಗ್ಗೇತಿ, ಆದ್ರ ಎಲ್ಲಾರ ಮೈ ಒಂದ ತರಾ ಇರಂಗಿಲ್ಲ, ನಿಮ್ಮ ಮನ್ಯಾಗ ನೀವ ನೋಡ್ಕೊಳ್ರಿ. ಇನ್ಸುಲಿನ್ ತಗೊಳ್ಳಾವ್ರು ಡಾಕ್ಟರನ್ನ ಕೇಳದ ಊಟ ಹೆಚ್ಚು ಕಡಿಮಿ ಮಾಡಬ್ಯಾಡ್ರಿ. ಕಿಡ್ನಿ ತೊಂದ್ರಿ ಇದ್ದವರಿಗೆ ಗೆಣಸಿನಾಗಿನ ಪೊಟ್ಯಾಸಿಯಂ ಹೆಚ್ಚಾಗಬಹುದು, ಅವರೂ ಕೇಳಿನ ತಿನ್ರಿ.

ಹೋಳಿಗಿ ಅಂತೂ ಬದಲಿ ಮಾಡಾಕ ಬರಂಗಿಲ್ಲ, ಅದು ಹೋಳಿಗೀನ. ಅತ್ತೆವ್ವ ಅದನ್ನ ಬಿಡ್ತಾರ, ಇಲ್ಲಾ ಒಂದು ಚೂರು ಮುರಕೊಂಡು ಬಾಯಿಗೆ ಹಾಕ್ಕೊಂತಾರ. ಆದ್ರ ತಾಟಿನಾಗಿನ ಐದು ಪದಾರ್ಥದಾಗ ನಾಕು ಎಲ್ಲಾರ ಸಂಗಟ ಒಂದ ಆದ್ರ, ಐದನೇದು ಬಿಡೂದು ಅಷ್ಟು ಚುಚ್ಚಂಗಿಲ್ಲ. ನಾ ಬ್ಯಾರೆ ತಾಟು ಹಚ್ಚಿದಾಗ ಐದೂ ಕಸಗೊಂಡಿದ್ದೆ.

ಕಡೀಗೆ ನಿಮಗೊಂದು ಬೇಡಿಕಿ. ಸಂಕ್ರಾಂತಿ ಸಂಜಿಗೆ ಎಳ್ಳು ಕೊಡಾಕ ಬರ್ತೀರಲ್ಲಾ, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು" ಅಂತ ಎಲ್ಲಾರ ಕೈಗೆ ಕೊಟ್ಟು, ಅತ್ತೆವ್ವನ ಮುಂದ ಬಂದಾಗ "ಅಯ್ಯ, ನಿಮಗ ನಡ್ಯಾಂಗಿಲ್ಲಲ್ಲಾ" ಅಂತ ಕೈ ಹಿಂದಕ್ಕ ತಗೋಬ್ಯಾಡ್ರಿ. ನಾಕು ಕಾಳು ಅವರ ಕೈಯಾಗೂ ಹಾಕ್ರಿ. ತಿನ್ನೂದು ಬಿಡೂದು ಅವರು ನೋಡ್ಕೊಂತಾರ.

ಈ ಸಲ ಎರಡು ಕೆಜಿ ಗೆಣಸು ತರಾವ್ರದೀವಿ. ಖಾರ ಕುಟ್ಟೂದು ಅತ್ತೆವ್ವಂದ ಕೆಲಸ, ನಾ ಕುಟ್ಟಿದ್ರ ನುಣ್ಣಗಾಗತೈತಂತ. ಬರೂ ಮುಂದ ಒಂದೊಂದು ಖಾಲಿ ಡಬ್ಬಿ ತಗೊಂಡು ಬರ್ರಿ.