ಮನದ ಭಾರಕ್ಕೆ ಮೊಬೈಲ್ ಆಸರೆಯಾದೀತೇ?

ಕಾಯಕದ ಒತ್ತಡ, ಸಾಲದ ಕಂತು, ಮಕ್ಕಳ ಪರೀಕ್ಷೆ, ಹಿರಿಯರ ಅನಾರೋಗ್ಯ ಇವುಗಳ ನಡುವೆ ಮನಸ್ಸು ಬಳಲುವುದು ಇಂದು ಮನೆಮನೆಯ ಅನುಭವ. ಇದಕ್ಕೆ ಪರಿಹಾರವನ್ನು ಮೊಬೈಲಿನಲ್ಲೇ ಅರಸುವ ರೂಢಿ ಬೆಳೆದಿದೆ. ಉಸಿರಾಟ ಕಲಿಸುವ, ದಿನದ ಮನಃಸ್ಥಿತಿಯನ್ನು ದಾಖಲಿಸುವ, ಮಾತಿಗೆ ಮರುಮಾತಾಡುವ ಆ್ಯಪ್‌ಗಳು ಹಲವು ಬಂದಿವೆ. ಅವನ್ನು ತಿರಸ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಮಿತಿಯನ್ನರಿತು ಬಳಸಬೇಕೆಂಬುದೇ ನಮ್ಮ ಅಭಿಪ್ರಾಯ.

ಒತ್ತಡ ಉಂಟಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚಿ ಎದೆಬಡಿತ ಏರುತ್ತದೆ. ನಿಮಿಷಕ್ಕೆ ಸುಮಾರು 6 ಬಾರಿಯಂತೆ ನಿಧಾನವಾಗಿ ಉಸಿರಾಡಿದರೆ ವೇಗಸ್ ನರದ ಪ್ರಭಾವದಿಂದ ಅದು ತಗ್ಗುತ್ತದೆ. ಆ್ಯಪ್ ನೆನಪಿಸಿಕೊಡುವುದು ಇದನ್ನೇ. ಅಭ್ಯಾಸ ಕೈಗೂಡಿದ ಮೇಲೆ ಯಂತ್ರದ ಅಗತ್ಯವಿಲ್ಲ. ಶಾಂತಿಯ ನೆಪದಲ್ಲಿ ನಡುರಾತ್ರಿಯವರೆಗೆ ಮೊಬೈಲ್ ಹಿಡಿದು ಕುಳಿತರೆ ನಿದ್ರೆಯೇ ಕೆಡುತ್ತದೆ. ನಾವು ಬರೆದುಕೊಂಡ ಗುಟ್ಟಿನ ಮಾತು ಯಾರ ಕೈ ಸೇರುತ್ತದೆಂಬುದನ್ನೂ ಮೊದಲೇ ಓದಿ ತಿಳಿಯಬೇಕು.

ಹಣ ಪಡೆದು ಮಾರ್ಗದರ್ಶನ ನೀಡುವ ‘ಲೈಫ್ ಕೋಚ್’ಗಳ ವಿಷಯದಲ್ಲಿಯೂ ಎಚ್ಚರ ಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೋಚ್ ಎಂಬ ಹೆಸರಿಗೆ ಅಂಥ ಕಟ್ಟುಪಾಡಿಲ್ಲ. ಸಮಯಪಾಲನೆಗೆ, ಒಳ್ಳೆಯ ರೂಢಿಗಳಿಗೆ ಅವರು ನೆರವಾಗಬಹುದು. ಆದರೆ ಖಿನ್ನತೆಗೆ ಚಿಕಿತ್ಸೆ ನೀಡುವುದು ಅವರ ಕೆಲಸವಲ್ಲ.

ಎರಡು ವಾರ ಕಳೆದರೂ ನಿದ್ರೆ, ಹಸಿವು, ಕೆಲಸದ ಆಸಕ್ತಿ ಮರಳದಿದ್ದರೆ ವೈದ್ಯರನ್ನು ಕಾಣಲೇಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಕನ್ನಡದಲ್ಲಿಯೇ ಮಾತನಾಡಬಹುದು. ಅಲ್ಲಿ ಕಿವಿಗೊಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅದೇ ಫೋನನ್ನು ಹೀಗೂ ಬಳಸಬಹುದೆಂಬುದನ್ನು ನಾವು ಮರೆಯಬಾರದು.

ಜ್ವರ ಬಂದರೆ ಹೇಳಿಕೊಳ್ಳುವ ನಾವು ಮನಸ್ಸಿನ ನೋವನ್ನು ಮಾತ್ರ ಮುಚ್ಚಿಡುತ್ತೇವೆ. ಹೇಳಿದರೆ ಜನ ಏನೆಂದಾರು ಎಂಬ ಅಂಜಿಕೆಯೇ ಅನೇಕರನ್ನು ಮೊಬೈಲಿನ ಪರದೆಯ ಹಿಂದೆ ಕೂರಿಸಿದೆ. ಮಗನ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದದ್ದನ್ನು, ಸೊಸೆ ನಾಲ್ಕು ದಿನಗಳಿಂದ ಮಾತಾಡದಿರುವುದನ್ನು ಆ್ಯಪ್ ಕಾಣದು, ಮನೆಯವರು ಕಾಣಬಲ್ಲರು. ಕಂಡಾಗ ಬುದ್ಧಿವಾದ ಹೇಳದೆ, ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳೋಣ. ಚಿಕಿತ್ಸೆ ಬೇಕಾದರೆ ಜೊತೆಯಲ್ಲಿ ನಡೆದು ಹೋಗೋಣ.